ಕೆಂಪು ಡಬ್ಬಿಗೆ ಫೋನು ಮಾಡುತ್ತಿದ್ದವರು

ಅವರು ಒಂದು ವಿಷಯವನ್ನು ಮೂರು ನಿಮಿಷಕ್ಕಿಂತ ಹೆಚ್ಚು ಹೊತ್ತು ಮಾತಾಡಿದ್ದನ್ನು ನಾನು ಕಂಡಿಲ್ಲ. ವಿಜಯವಾಡದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಕಾಲ್ ಜೋಡಿಸುತ್ತ ಅರ್ಧ ಆಯುಷ್ಯ ಕಳೆದವರು ಅವರು. ಮೂರು ನಿಮಿಷಕ್ಕೊಮ್ಮೆ ನಡುವೆ ಬಾಯಿ ಹಾಕಿ, ಸಮಯ ಮುಗಿಯಿತು, ಮುಂದುವರಿಸುತ್ತೀರಾ ಎಂದು ಕೇಳುವುದು ಅವರ ಕೆಲಸವಾಗಿತ್ತು. ನಿವೃತ್ತಿಯಾದ ಮೇಲೂ ಆ ಗಡಿಯಾರ ಅವರೊಳಗೆ ನಿಂತಿರಲಿಲ್ಲ. ಸೆಖೆಯ ವಿಷಯವನ್ನೋ ಮೊಮ್ಮಗಳ ಜ್ವರದ ವಿಷಯವನ್ನೋ ಹೇಳುತ್ತಿದ್ದವರು ತಟ್ಟನೆ ನಿಲ್ಲಿಸಿ, "ಸರಿ, ಅದು ಆತು. ಮುಂದ?" ಎನ್ನುತ್ತಿದ್ದರು. ಎದುರಿಗಿದ್ದವರು ಹೊಸ ವಿಷಯ ತೆಗೆಯಬೇಕು, ಇಲ್ಲವೇ ಎದ್ದು ಹೋಗಬೇಕು. ಮಾತಿನ ನಡುವೆ ಒಳಗೆ ನೀರು ತರಲು ಹೋಗುವಾಗ, "ಲೈನ್ ಮ್ಯಾಗ ಇರ್ರಿ" ಎಂದು ಹೇಳಿ ಹೋಗುತ್ತಿದ್ದರು.

ಅವರು ತೀರಿಕೊಂಡು ಎಂಟು ತಿಂಗಳಾಯಿತು. ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಆಪರೇಟರ್‌ಗೆ ದನಿ ಇದ್ದರೆ ಸಾಕು, ಹೆಸರು ಯಾಕೆ ಎಂದು ಅವರೇ ಹೇಳುತ್ತಿದ್ದರು. ನಾನು ಕೊನೆಯವರೆಗೂ ಮೇಡಂ ಎಂದೇ ಕರೆದೆ. ಅವರು ನನ್ನನ್ನು ಸಾಹೇಬ್ರು ಎಂದು ಕರೆಯುತ್ತಿದ್ದರು. ಅದರಲ್ಲಿ ಗೌರವ ಎಷ್ಟಿತ್ತು, ಕೀಟಲೆ ಎಷ್ಟಿತ್ತು ಎಂಬುದನ್ನು ನಾನು ಲೆಕ್ಕ ಹಾಕಲು ಹೋಗಲಿಲ್ಲ.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ನನಗೆ ವಿಶಾಖಪಟ್ಟಣದ ದ್ವಾರಕಾ ನಗರದ ಶಾಖೆಗೆ ವರ್ಗವಾಯಿತು. ಮಕ್ಕಳ ಓದಿಗಾಗಿ ಮನೆಯವರು ಮೈಸೂರಿನಲ್ಲೇ ಉಳಿದರು. ನಾನು ಹಾಸ್ಟೆಲಿನ ಗಂಟೆಗೆ ಎದ್ದು ಗಂಟೆಗೆ ಮಲಗಿ ಬೆಳೆದವನು. ಬೆಳಿಗ್ಗೆ ನಾಲ್ಕೂವರೆಗೆ ಏಳುವುದು, ರೇಡಿಯೋದ ಸಮಯಕ್ಕೆ ಕೈಗಡಿಯಾರ ಸರಿಮಾಡಿಕೊಳ್ಳುವುದು, ಭಾನುವಾರ ಎಂಟಕ್ಕೆ ಸರಿಯಾಗಿ ಮನೆಗೆ ಫೋನು ಮಾಡುವುದು ನನ್ನ ಕ್ರಮ. ಬ್ಯಾಂಕಿನ ಹಿಂದಿನ ಗಲ್ಲಿಯಲ್ಲಿ ಒಂದು ಮನೆಯ ಮುಂಭಾಗದಲ್ಲಿ ಎಸ್‌ಟಿಡಿ ಬೂತು ಇತ್ತು. ಎರಡು ಮರದ ಗೂಡು, ಒಂದು ಮೇಜು, ಒಂದು ಬೆಂಚು. ಮೇಜಿನ ಹಿಂದೆ ಬಿಳಿ ಕೂದಲಿನ, ಹತ್ತಿ ಸೀರೆಯ ಹೆಂಗಸು. ನಾನು ಮೊದಲ ಸಲ ಮೈಸೂರಿನ ನಂಬರು ಕೊಟ್ಟಾಗ ಅವರು ತಲೆ ಎತ್ತದೆ ಕೇಳಿದರು: "ಕನ್ನಡದವ್ರೇನ್ರಿ?"

ಹೌದು ಎಂದೆ.

"ನಾ ಗದಗಿನಾಕಿ. ಈ ಊರಿನ್ಯಾಗ ನನ್ನ ಕನ್ನಡಕ್ಕ ತುಕ್ಕ ಹಿಡದೈತಿ. ಒಳಗ ಹೋಗಿ ಮಾತಾಡ್ರಿ."

ಮಾತಾಡಬೇಕಾದ ವಿಷಯಗಳನ್ನು ನಾನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗುತ್ತಿದ್ದೆ. ಮಗಳ ಶಾಲೆ, ಅಮ್ಮನ ಮಾತ್ರೆ, ನಲ್ಲಿ ರಿಪೇರಿ. ನಾಲ್ಕನೆಯ ವಾರವೋ ಐದನೆಯ ವಾರವೋ ನಾನು ಗೂಡಿನಿಂದ ಹೊರಬಂದಾಗ ಮೇಡಂ ಹೇಳಿದರು: "ಪಾಯಿಂಟ್ ನಂಬರ್ ಮೂರು ಬಿಟ್ರಿ ಅಂತ ಕಾಣಸ್ತದ."

"ನೀವು ಕೇಳಿಸಿಕೊಂಡಿರಾ?"

"ಮಾತು ಕೇಳೂದಿಲ್ರಿ. ಆ ಪಾಪ ನಾ ಸರ್ವೀಸಿನ್ಯಾಗೂ ಮಾಡಿಲ್ಲ. ದನಿ ಕೇಳಸ್ತದ, ಅದಕ್ಕ ನಾ ಏನ್ ಮಾಡ್ಲಿ? ನಿಮ್ಮ ದನಿ ಬ್ಯಾಂಕಿನ ದನಿ ಐತಿ. ಹೇಣ್ತಿ ಕೂಡ ಮಾತಾಡುವಾಗರೆ ಬ್ಯಾಂಕ್ ಬಂದ್ ಮಾಡ್ರಿ."

ಮುಂದಿನ ಭಾನುವಾರ ನಾನು ಚೀಟಿ ಇಲ್ಲದೆ ಹೋದೆ. ಎರಡು ವಿಷಯ ಮರೆತೆ. ನನ್ನ ಹೆಂಡತಿ ಮಾತ್ರ, ಇವತ್ತು ಯಾಕೋ ಲೈನು ಚೆನ್ನಾಗಿದೆ ಎಂದಳು.

ಗದಗಿನಿಂದ ಆಂಧ್ರಕ್ಕೆ ಅವರು ಬಂದದ್ದು ಮದುವೆಯ ಮೂಲಕ. ಗಂಡ ರೈಲ್ವೆಯ ತೆಲುಗು ಮನುಷ್ಯ, ನಾನು ಬರುವ ಹೊತ್ತಿಗೆ ಇರಲಿಲ್ಲ; ಬೂತು ಇದ್ದದ್ದು ಅವರು ಬಿಟ್ಟುಹೋದ ಮನೆಯಲ್ಲಿ. ಒಬ್ಬಳೇ ಮಗಳು. ಅಳಿಯನಿಗೆ ವಿಜಯವಾಡದ ಹತ್ತಿರದ ಇಬ್ರಾಹಿಂಪಟ್ನಂನ ಕರೆಂಟು ಉತ್ಪಾದನೆಯ ಕೇಂದ್ರದಲ್ಲಿ ಕೆಲಸ. ಮಗಳಿಗೆ ಕನ್ನಡ ತಿಳಿಯುತ್ತಿತ್ತು, ಆಡಲು ಬರುತ್ತಿರಲಿಲ್ಲ. ತಾಯಿ ಕನ್ನಡದಲ್ಲಿ ಬೈದರೆ ತೆಲುಗಿನಲ್ಲಿ ಉತ್ತರ ಬರುತ್ತಿತ್ತು. ಮೇಡಂ ಮನಸ್ಸು ಬಿಚ್ಚಿ ಕನ್ನಡ ಆಡುತ್ತಿದ್ದದ್ದು ವಾರಕ್ಕೊಮ್ಮೆ, ಇಂಗ್ಲೆಂಡಿನ ಒಂದು ಹಳ್ಳಿಯಲ್ಲಿದ್ದ ಅಕ್ಕನ ಜೊತೆಗೆ.

ಆ ಅಕ್ಕನನ್ನು ನಾನು ನೋಡಲಿಲ್ಲ. ಡಾಕ್ಟರನ್ನು ಮದುವೆಯಾಗಿ ಹೋದವರು. ಗಂಡ ಆ ಹಳ್ಳಿಗೆ ಡಾಕ್ಟರಾಗಿದ್ದು ಅಲ್ಲೇ ತೀರಿಕೊಂಡರು. ಮಕ್ಕಳಿರಲಿಲ್ಲ. ಗಂಡ ಹೋದ ವಾರವೇ ಅಕ್ಕ ಮನೆಯ ಫೋನು ತೆಗೆಸಿಬಿಟ್ಟರಂತೆ. ಮೂವತ್ತು ವರ್ಷ ಯಾರ ಹೊಟ್ಟೆನೋವಿಗೋ ಯಾರ ಹೆರಿಗೆಗೋ ಹೊತ್ತುಗೊತ್ತಿಲ್ಲದೆ ಬಡಿದುಕೊಂಡ ಆ ಯಂತ್ರ ಇನ್ನು ಮನೆಯಲ್ಲಿ ಬೇಡವೆಂದು ಹಠ. ಹಾಗಾಗಿ ತಂಗಿ ಫೋನು ಮಾಡುತ್ತಿದ್ದದ್ದು ಹಳ್ಳಿಯ ಸಾರ್ವಜನಿಕ ಫೋನಿಗೆ. ಅಲ್ಲಿ ಬೀದಿ ಬದಿಯಲ್ಲಿ, ಒಬ್ಬರು ನಿಲ್ಲುವಷ್ಟು ದೊಡ್ಡ ಕೆಂಪು ಕಬ್ಬಿಣದ ಡಬ್ಬಿ ಇರುತ್ತದೆ. ಸುತ್ತ ಸಣ್ಣ ಸಣ್ಣ ಗಾಜು. ಆ ಡಬ್ಬಿಗೂ ಒಂದು ನಂಬರು ಇತ್ತು. ಹೊರಗಿನಿಂದ ಕರೆ ಬಂದರೆ ಅದೂ ರಿಂಗಾಗುತ್ತಿತ್ತು. ಭಾನುವಾರ ಅಲ್ಲಿಯ ಬೆಳಗಿನ ಹತ್ತಕ್ಕೆ ಅಕ್ಕ ಹೋಗಿ ಡಬ್ಬಿಯೊಳಗೆ ನಿಲ್ಲಬೇಕು, ಇಲ್ಲಿ ನಮ್ಮ ಮಧ್ಯಾಹ್ನ ಮೂರೂವರೆಗೆ ತಂಗಿ ನಂಬರು ತಿರುಗಿಸಬೇಕು. ಇದು ಅವರ ಏರ್ಪಾಡು. ಮೂರೂವರೆಗೆ ಮೇಡಂ ಎರಡನೆಯ ಗೂಡಿಗೆ ಹೋಗಿ ಬಾಗಿಲು ಹಾಕಿಕೊಂಡರೆ ಗಿರಾಕಿಗಳು ತಾವೇ ಬೆಂಚಿನ ಮೇಲೆ ಕೂತು ಕಾಯುತ್ತಿದ್ದರು.

ಅಲ್ಲಿಯ ಕಂಪನಿಯವರು ಆ ಡಬ್ಬಿಯನ್ನು ಕಿತ್ತು ಹೊಸ ಮಾದರಿಯದನ್ನು ನಿಲ್ಲಿಸಲು ಹೊರಟರಂತೆ. ಊರಿನವರು ಸಹಿ ಹಾಕಿ ಅರ್ಜಿ ಕೊಟ್ಟರು, ಅಕ್ಕನೂ ಹಾಕಿದರು. ಕೊನೆಗೆ ಸರ್ಕಾರ ಅದನ್ನು ಹಳೆಯ ಚರ್ಚಿನಂತೆಯೇ ರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿಸಿತು. ಇನ್ನು ಯಾರೂ ಅದನ್ನು ಮುಟ್ಟುವ ಹಾಗಿಲ್ಲ. ಅಕ್ಕ ಕಳಿಸಿದ ಅದರ ಫೋಟೋವನ್ನು ಮೇಡಂ ಮೇಜಿನ ಗಾಜಿನ ಕೆಳಗೆ ಇಟ್ಟಿದ್ದರು. ಬಂದ ಗಿರಾಕಿಗಳು, "ಏಂಟಮ್ಮಾ ಇದಿ, ಪೋಸ್ಟು ಡಬ್ಬಾನಾ?" ಎಂದು ಕೇಳುವರು. ಒಬ್ಬ, ಲಿಫ್ಟು ಎಂದ. ಮೇಡಂ ಯಾರನ್ನೂ ತಿದ್ದುತ್ತಿರಲಿಲ್ಲ. ನನಗೆ ಮಾತ್ರ ಹೇಳಿದರು: "ನಮ್ಮ ಎಕ್ಸ್‌ಚೇಂಜಿನ್ಯಾಗ ನಾ ಕೂತ ಬೋರ್ಡು ಗುಜರಿಗೆ ಹೋತು ಸಾಹೇಬ್ರ. ಅಲ್ಲಿ ನೋಡ್ರಿ, ಡಬ್ಬಿಗೆ ಪೆನ್ಶನ್ ಕೊಟ್ಟ ಇಟಗೊಂಡಾರ."

ತಮ್ಮ ಎರಡೂ ಗೂಡುಗಳಿಗೆ ಅದೇ ಕೆಂಪು ಬಣ್ಣ ಹೊಡೆಸಬೇಕೆಂದು ಒಮ್ಮೆ ಹೊರಟರು. ಪೇಂಟರು ಫೋಟೋ ನೋಡಿ ತಲೆ ಆಡಿಸಿದ. "ಅಮ್ಮಗಾರೂ, ಇಂತ ಎರುಪು ವೇಸ್ತೇ ಪಾರ್ಟೀ ಆಫೀಸು ಅನುಕುಂಟಾರು." ಇಷ್ಟು ಕೆಂಪು ಬಳಿದರೆ ಜನ ಕಮ್ಯುನಿಸ್ಟ್ ಪಾರ್ಟಿಯ ಆಫೀಸು ಎಂದುಕೊಂಡು ಚಂದಾ ಕೊಡಲು ಬರುತ್ತಾರೆ ಎಂದು ಅವನ ಎಚ್ಚರಿಕೆ. ಕೊನೆಗೆ ಒಂದು ಗೂಡಿನ ಬಾಗಿಲಿಗೆ ಮಾತ್ರ ಕೆಂಪು ಬಿತ್ತು. ಮೇಡಂ ಭಾನುವಾರ ಹೋಗುತ್ತಿದ್ದದ್ದು ಅದರೊಳಕ್ಕೆ.

ಅವರಿಗೆ ಎಡಕಿವಿ ಮಂದವಾಗಿತ್ತು. ವರ್ಷಗಟ್ಟಲೆ ತಲೆಗೆ ಕಟ್ಟಿಕೊಂಡ ಹೆಡ್‌ಫೋನಿನ ಕೊಡುಗೆ. ಯಾರೇ ಮಾತಾಡಿಸಿದರೂ ಬಲಕಿವಿ ಮುಂದಾಗುವಂತೆ ಕತ್ತು ತಿರುಗಿಸಿ, ಕಣ್ಣು ಬೇರೆಲ್ಲೋ ಇಟ್ಟು ಕೇಳುತ್ತಿದ್ದರು. ಗೊತ್ತಿಲ್ಲದವರು ಅಸಡ್ಡೆ ಎಂದುಕೊಳ್ಳುತ್ತಿದ್ದರು. ಗೂಡಿನೊಳಗೆ ಕಿರುಚುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಬಾಗಿಲು ತಟ್ಟಿ, "ಮೆಲ್ಲಗಾ ಬಾಬೂ, ಮೋಯಡಾನಿಕಿ ತೀಗ ಉಂದಿ" ಎನ್ನುವರು. ಹೊರುವುದಕ್ಕೆ ತಂತಿ ಇದೆ, ನೀನು ಯಾಕೆ ಹೊರುತ್ತೀ ಎಂದು ಅರ್ಥ. ಹಾಗೆ ಹೇಳುವವರೇ ಭಾನುವಾರ ಕೆಂಪು ಬಾಗಿಲಿನ ಹಿಂದೆ ಅಕ್ಕನ ಜೊತೆ ಜಗಳಕ್ಕೆ ನಿಂತರೆ ಗಲ್ಲಿಗೆಲ್ಲ ಕೇಳಿಸುತ್ತಿತ್ತು. ಕಾಯಂ ಜಗಳ ಒಂದೇ ವಿಷಯಕ್ಕೆ.

"ಸಾಕಲ್ಲ ಅಲ್ಲಿ ಇದ್ದದ್ದು. ಬಾ ಅಂದ್ರ ಬರಬೇಕು."

ಅಕ್ಕ ಮನೆ ಮಾರಿ ವಿಶಾಖಪಟ್ಟಣಕ್ಕೆ ಬಂದುಬಿಡಬೇಕು, ಉಳಿದ ಕಾಲ ಇಬ್ಬರೂ ಒಟ್ಟಿಗೆ ಇರಬೇಕು. ಮೇಡಂಗೆ ಇದ್ದ ಆಸೆ ಅದೊಂದೇ. ಆಸೆ ಎಂದರೆ ಬಾಯಿಮಾತಿನದಲ್ಲ. ಮೇಲಿನ ಕೋಣೆಯಲ್ಲಿ, ಸಮುದ್ರದ ಗಾಳಿ ಬರುವ ಕಿಟಕಿಯ ಪಕ್ಕ ಎರಡನೆಯ ಮಂಚ ಹಾಕಿಸಿದ್ದರು. ಅಕ್ಕನಿಗೆ ಕುಕ್ಕರುಗಾಲಿನಲ್ಲಿ ಕೂರಲು ಆಗುವುದಿಲ್ಲವೆಂದು ಇಂಗ್ಲಿಷ್ ಕಮೋಡ್ ಕೂರಿಸಿದ್ದರು. ಪ್ಲಂಬರು, "ಯಾರು ಬರ್ತಾರಮ್ಮಾ, ದೊರೆಸಾನಿನಾ?" ಎಂದು ಕೇಳಿದ್ದಕ್ಕೆ, "ಹೌದು, ಗದಗಿನ ದೊರೆಸಾನಿ" ಎಂದಿದ್ದರು. ಅಕ್ಕ ಮಾತ್ರ ಪ್ರತಿ ವರ್ಷ ಮುಂದಿನ ವರ್ಷ ಎನ್ನುತ್ತಿದ್ದರು.

ನಾನು ಅಲ್ಲಿಗೆ ಹೋದ ಮೂರನೆಯ ಮಾರ್ಚ್ ತಿಂಗಳಲ್ಲಿ ಅಕ್ಕ ಮೊದಲ ಸಲ ಬೇರೆ ಮಾತಾಡಿದರು. ಮನೆ ಮಾರಿಸಿಕೊಡುವ ಏಜೆಂಟನನ್ನು ಒಂದು ಸೋಮವಾರ ಕರೆದಿದ್ದೇನೆ, ಅದರ ಹಿಂದಿನ ಭಾನುವಾರ ನಿನಗೆ ಕೊನೆಯ ಮಾತು ಹೇಳುತ್ತೇನೆ ಎಂದರಂತೆ. ಮೇಡಂಗೆ ಅದೇ ವಾರ ಕಣ್ಣಿನ ಪೊರೆಯ ಆಪರೇಷನ್ನು ಗೊತ್ತಾಗಿತ್ತು. ಆಪರೇಷನ್ ಆಯಿತು. ಡಾಕ್ಟರು ಏಳುವ ಹಾಗಿಲ್ಲ, ಕೆಮ್ಮುವ ಹಾಗಿಲ್ಲ, ಅಲ್ಲಾಡುವ ಹಾಗಿಲ್ಲ ಎಂದು ಹೇಳಿ ಮಲಗಿಸಿದ್ದರು. ಶನಿವಾರ ಸಂಜೆ ನಾನು ನೋಡಲು ಹೋದಾಗ ಕಣ್ಣಿಗೆ ಪಟ್ಟಿ ಇತ್ತು. ನನ್ನ ಹೆಜ್ಜೆಯ ಸದ್ದಿಗೇ ಗುರುತು ಹಿಡಿದರು.

"ಸಾಹೇಬ್ರ, ನಾಳೆ ಅಕ್ಕಗ ನೀವು ಫೋನ್ ಮಾಡಬೇಕು. ಮಗಳ ಕೈಲೆ ಆಗೂದಿಲ್ಲ. ಆಕಿ ತೆಲುಗು, ಅಕ್ಕನ ಕನ್ನಡ, ಅಲ್ಲಿಗೆ ಮೂರು ನಿಮಿಷ ಖಲಾಸ್. ಕಣ್ಣು ಚಲೋ ಆತು ಅಂತ ಹೇಳ್ರಿ. ಮಂಚ ಹಾಕೇತಿ ಅಂತ ಹೇಳ್ರಿ. ಬರ್ತೀರೋ ಇಲ್ಲೋ ಅಂತ ಕೇಳ್ರಿ. ಅಷ್ಟ."

"ಸರಿಯಾಗಿ ಮೂರೂವರೆಗೆ ಮಾಡುತ್ತೇನೆ."

"ನಿಮಗ ಟೈಮ್ ಹೇಳಿಕೊಡಬೇಕೇನು?" ಎಂದು ನಕ್ಕರು. ನಕ್ಕದ್ದಕ್ಕೆ ನರ್ಸು ಗದರಿದಳು.

ಭಾನುವಾರ, ಆಪರೇಷನ್ನಿಗೆಂದು ಬಂದಿದ್ದ ಮಗಳು ಬೂತಿನ ಬೀಗ ತೆಗೆದುಕೊಟ್ಟಳು. ಗೋಡೆಯ ಕ್ಯಾಲೆಂಡರಿನಲ್ಲಿ ಆ ಭಾನುವಾರದ ಸುತ್ತ ಮೇಡಂ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದರು. ಅಕ್ಕನ ಉತ್ತರ ಬರುವ ದಿನ, ಅದಕ್ಕೆ ಗುರುತು ಎಂದುಕೊಂಡೆ. ಮೂರೂವರೆಗೆ ಒಂದು ಸೆಕೆಂಡು ಹಿಂದೆಮುಂದಿಲ್ಲದೆ ನಂಬರು ತಿರುಗಿಸಿದೆ. ರಿಂಗಾಯಿತು. ಯಾರೂ ಎತ್ತಲಿಲ್ಲ. ತಾನಾಗಿ ಕಡಿದುಹೋಗುವವರೆಗೆ ಬಿಟ್ಟೆ. ಐದು ನಿಮಿಷ ಬಿಟ್ಟು ಮತ್ತೆ ಮಾಡಿದೆ, ಇನ್ನೈದು ನಿಮಿಷ ಬಿಟ್ಟು ಇನ್ನೊಮ್ಮೆ. ಅಷ್ಟು ದೂರದಲ್ಲಿ ಒಂದು ಖಾಲಿ ಡಬ್ಬಿ ಬಡಿದುಕೊಳ್ಳುತ್ತಿರುವುದನ್ನು ಕೇಳುತ್ತ ಬೆವರಿನಲ್ಲಿ ನಿಂತಿದ್ದೆ. ಮುದುಕಿ ಹುಷಾರು ತಪ್ಪಿರಬೇಕು ಎಂದುಕೊಂಡೆ. ಸಮಯ ತಪ್ಪಿರಬಹುದು ಎಂಬ ಯೋಚನೆ ನನಗೆ ಬರಲಿಲ್ಲ.

ಆಸ್ಪತ್ರೆಗೆ ಹೋಗಿ, ಯಾರೂ ಎತ್ತಲಿಲ್ಲ ಎಂದು ವರದಿ ಒಪ್ಪಿಸಿದೆ. ಮೇಡಂ ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಇವತ್ತ ಮಾರ್ಚ್ ಕಡೀ ಭಾನುವಾರ ಏನ್ರಿ?" ಎಂದರು.

ಹೌದು ಎಂದೆ.

"ಇವತ್ತಿಂದ ಅವರು ಗಡಿಯಾರ ಒಂದು ತಾಸು ಮುಂದ ತಿರಗಸ್ತಾರ. ವರ್ಷಾ ಬ್ಯಾಸಗಿಗೆ. ಕ್ಯಾಲೆಂಡರಿನ್ಯಾಗ ಸುತ್ತ ಹಾಕಿದ್ದೆ. ಎರಡೂವರೆಗೆ ಮಾಡಬೇಕಿತ್ತು. ನಾನ ಹೇಳೂದು ಮರತೆ."

ಇಡೀ ದೇಶ ಒಂದು ದಿನ ಎದ್ದು ಗಡಿಯಾರವನ್ನು ತಿರುಗಿಸುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದಿದ್ದರೂ ಆ ಸುತ್ತು ಯಾಕೆ ಎಂದು ಮಗಳನ್ನೋ ಯಾರನ್ನೋ ಕೇಳಬಹುದಿತ್ತು. ಕೇಳುವ ಅಭ್ಯಾಸ ನನಗಿರಲಿಲ್ಲ. ಸಮಯದ ವಿಷಯದಲ್ಲಿ ಜನ ನನ್ನನ್ನು ಕೇಳುತ್ತಿದ್ದರು.

ಮುಂದಿನ ಭಾನುವಾರ ಮತ್ತೆ ಮಾಡುತ್ತೇನೆ ಎಂದರೆ ಮೇಡಂ ಬೇಡವೆಂದರು. ಹತ್ತು ಹನ್ನೆರಡು ದಿನಕ್ಕೆ ಅಕ್ಕನ ಕಾಗದ ಬಂತು. ಮೇಡಂಗೆ ಇನ್ನೂ ಓದಲು ಬಿಟ್ಟಿರಲಿಲ್ಲ, ನಾನೇ ಓದಬೇಕಾಯಿತು. ನನ್ನ ಪಾಲಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಬೇರೆ ಇರಲಿಲ್ಲ. "ಹತ್ತಕ್ಕ ಹೋಗಿ ನಿಂತೆ. ಹತ್ತೂವರಿ ತನಕಾ ನಿಂತೆ. ನಿನ್ನ ಫೋನ್ ಬರಲಿಲ್ಲ. ಬಂದಿದ್ರ ಹೂಂ ಅಂತಿದ್ದೆ. ಬರಲಿಲ್ಲ, ಇರ್ಲಿ ಬಿಡು, ನನ್ನ ಜಾಗಾ ಇದ ಅನಸ್ತು. ಮಾರನೇ ದಿನಾ ಏಜೆಂಟಗ ಬ್ಯಾಡ ಅಂತ ಹೇಳಿ ಕಳಿಸಿದೆ."

ನಾನು ಕಾಗದ ಮಡಿಸಿದೆ. ಮೇಡಂ ನನ್ನ ಕಡೆ ಬಲಕಿವಿ ತಿರುಗಿಸಿದರು. "ನೀವು ಮುಖ ಸಣ್ಣದು ಮಾಡಬ್ಯಾಡ್ರಿ ಸಾಹೇಬ್ರ. ಆಕಿಗೆ ಒಂದು ನೆವ ಬೇಕಾಗಿತ್ತು. ಅದನ್ನ ನಿಮ್ಮ ಕೈಲೆ ಕೊಡಿಸಿಕೊಂಡಳು."

ಇದು ನನ್ನನ್ನು ಸಮಾಧಾನ ಮಾಡಲು ಹೇಳಿದ್ದು ಎಂದುಕೊಂಡೆ. ವರ್ಷಗಟ್ಟಲೆ ಹಾಗೆಯೇ ನಂಬಿದ್ದೆ. ಆಮೇಲಿನ ಭಾನುವಾರದಿಂದ ಅಕ್ಕ ತಂಗಿಯರ ಮಾತು ಎಂದಿನಂತೆ ನಡೆಯಿತು. ಆದರೆ ಬಾ ಎಂಬ ಜಗಳ ಮತ್ತೆ ಗಲ್ಲಿಗೆ ಕೇಳಿಸಲಿಲ್ಲ. ಮೇಡಂ ಮಂಚದ ಮೇಲಿನ ಹಾಸಿಗೆ ಸುತ್ತಿಟ್ಟರು. ಕಮೋಡಿನ ಮೇಲೆ ಬಕೆಟ್ಟು ಬಂತು. ಎರಡು ವರ್ಷದ ಮೇಲೆ ಒಂದು ಚಳಿಗಾಲದಲ್ಲಿ ಅಕ್ಕ ಅಲ್ಲೇ ತೀರಿಕೊಂಡರು. ಚರ್ಚಿನವರ ಕಾಗದ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಆ ಕಾಗದ ಬರುವ ಮೊದಲು ಮೇಡಂ ಎರಡು ಭಾನುವಾರ ಫೋನು ಮಾಡಿ ರಿಂಗು ಕೇಳಿ ಇಟ್ಟಿದ್ದರು.

ಮೂರನೆಯ ಭಾನುವಾರವೂ ಅವರು ಮೂರೂವರೆಗೆ ಕೆಂಪು ಬಾಗಿಲು ತೆಗೆದರು. ನಾನು ಬೆಂಚಿನ ಮೇಲಿದ್ದೆ. ತಡೆಯಬೇಕೆಂದು ಎದ್ದವನು ಹಾಗೆಯೇ ಕೂತೆ. ಹೊರಗೆ ಬಂದು ಹೇಳಿದರು: "ಯಾರೋ ನಾಯಿ ಕರಕೊಂಡ ಹೊಂಟಾಕಿ ಎತ್ತಿದಳು. ನಾ ಇಂಡಿಯಾದಿಂದ ಅಂದೆ. ಡಬ್ಬಿ ಹೆಂಗೈತಿ ಅಂತ ಕೇಳಿದೆ. ಮಂಜು ಬಿದ್ದೈತಂತ, ಬಾಗಲಾ ತೆಗಿಯೂದು ತ್ರಾಸಂತ."

ಅಂದಿನಿಂದ ಅದೇ ಕ್ರಮವಾಯಿತು. ರಕ್ಷಿತ ಡಬ್ಬಿಯಾದ್ದರಿಂದ ಅದು ಎಲ್ಲಿಗೂ ಹೋಗುವಂತಿರಲಿಲ್ಲ. ಭಾನುವಾರ ಅದು ರಿಂಗಾದರೆ ಹತ್ತಿರವಿದ್ದವರು ಎತ್ತುತ್ತಿದ್ದರು. ಹೆಚ್ಚಾಗಿ ಆ ನಾಯಿಯ ಹೆಂಗಸು. ಮೇಡಂ ತಮ್ಮ ಆಪರೇಟರ್ ಇಂಗ್ಲಿಷಿನಲ್ಲಿ ಡಬ್ಬಿಯ ಕ್ಷೇಮ ಕೇಳುತ್ತಿದ್ದರು. ಗಾಜು ಒಡೆದಿದೆಯೇ, ಬಣ್ಣ ಹೋಗಿದೆಯೇ, ಒಳಗೆ ಜೇಡ ಇದೆಯೇ. ಸರಿಯಾಗಿ ಮೂರು ನಿಮಿಷ.

ನನಗೆ ವಿಜಯವಾಡಕ್ಕೆ ವರ್ಗವಾಯಿತು. ಮರುವರ್ಷ ಮೇಡಂ ಬೂತು ಮುಚ್ಚಿ ಮಗಳ ಮನೆಗೆ ಇಬ್ರಾಹಿಂಪಟ್ನಂಗೆ ಬಂದರು. ಭಾನುವಾರ ಬಸ್ಸು ಹತ್ತಿ ವಿಜಯವಾಡಕ್ಕೆ ಬರುವರು. ಗವರ್ನರ್‌ಪೇಟೆಯ ಒಂದು ಬೂತಿಗೆ ನಾನು ಜೊತೆಗೆ ಹೋಗುತ್ತಿದ್ದೆ. ಆಮೇಲೆ ಕಾಫಿ, ಕನ್ನಡ. "ಸರಿ, ಅದು ಆತು. ಮುಂದ?" ಅಷ್ಟು ಹೊತ್ತಿಗೆ ನಾನು ಚೀಟಿ ಬರೆಯುವುದನ್ನು ಪೂರ್ತಿ ಬಿಟ್ಟಿದ್ದೆ. ಮಾರ್ಚ್ ಬಂದರೆ ಎರಡೂವರೆ, ಅಕ್ಟೋಬರ್ ಕೊನೆಗೆ ಮೂರೂವರೆ ಎಂದು ಅವರಿಗೆ ನೆನಪಿಸುವುದು ನನ್ನ ಕೆಲಸ. ಒಮ್ಮೆಯೂ ತಪ್ಪಲಿಲ್ಲ.

ನನ್ನ ಸರ್ವೀಸಿನ ಕೊನೆಯ ವರ್ಷ, ಒಂದು ಗುರುವಾರ ಮಗಳು ಬ್ಯಾಂಕಿಗೆ ಫೋನು ಮಾಡಿದಳು. ಹೃದಯಾಘಾತ, ಆಸ್ಪತ್ರೆಗೆ ಒಯ್ಯುವಷ್ಟೂ ಸಮಯ ಸಿಗಲಿಲ್ಲ. ಎಲ್ಲ ಮುಗಿದು ನಾನು ಹೊರಡುವಾಗ ಆಕೆ ಬಾಗಿಲವರೆಗೆ ಬಂದಳು.

"ಅಂಕುಲ್, ಆದಿವಾರಂ ಆ ಫೋನು ಸಂಗತಿ? ವಾಳ್ಳು ಎದುರು ಚೂಸ್ತಾರು ಕದಾ."

ಭಾನುವಾರದ ಫೋನಿಗೆ ಅಲ್ಲಿಯವರು ಕಾಯುತ್ತಾರಲ್ಲ ಎಂದು ಆಕೆಗೂ ಅನಿಸಿತ್ತು. ನಾನು ಹೇಳುತ್ತೇನೆ ಎಂದೆ.

ಜೂನ್ ತಿಂಗಳು. ಎರಡೂವರೆಗೆ ಮಾಡಿದೆ. ಎರಡನೆಯ ರಿಂಗಿಗೇ ಎತ್ತಿದರು, ನಾಯಿಯ ಹೆಂಗಸೇ. ನಾನು ಯಾರೆಂದು ಹೇಳಿ, ವಿಷಯ ತಿಳಿಸಿದೆ. ಆಕೆ, ಊರಿನಲ್ಲಿ ಎಲ್ಲರಿಗೂ ಹೇಳುತ್ತೇನೆ ಎಂದರು. ಅಷ್ಟಕ್ಕೆ ಇಡಬಹುದಿತ್ತು. ಏನಾದರೂ ಕೇಳಬೇಕು ಅನಿಸಿ, ಪ್ರತಿ ಭಾನುವಾರ ನೀವು ಇಲ್ಲಿ ಬಂದು ನಿಲ್ಲುತ್ತಿದ್ದಿರಾ ಎಂದು ಕೇಳಿದೆ.

ನಿಲ್ಲುವುದೇಕೆ, ಎಂದರು ಆಕೆ. ಇದರ ಗಂಟೆ ಬಹಳ ಜೋರು. ನಾನು ಈಗ ಇರುವುದು ಡಾಕ್ಟರ ಹೆಂಡತಿ ಇದ್ದ ಮನೆಯಲ್ಲೇ, ಡಬ್ಬಿಯ ಎದುರಿಗೆ. ಕಿಟಕಿ ಮುಚ್ಚಿದ್ದರೂ ಅಡುಗೆಮನೆಗೆ ಕೇಳಿಸುತ್ತದೆ. ರಿಂಗಾದ ಮೇಲೆ ಹೊರಟರೂ ಸಿಗುತ್ತದೆ.

ನಾನು ವಂದನೆ ಹೇಳಿ ಫೋನು ಇಟ್ಟು, ಬೂತಿನ ಹೊರಗೆ ಬಂದು ನಿಂತೆ. ಗಡಿಯಾರ ತಪ್ಪಿದ ಆ ಭಾನುವಾರ ಡಬ್ಬಿ ಮೂರು ಸಲ ರಿಂಗಾಗಿತ್ತು. ಅಕ್ಕ ಎದುರಿನ ಮನೆಯಲ್ಲೇ ಇದ್ದರು. ಒಂದು ತಾಸು ತಡವಾದರೂ ತಂಗಿಯ ಕರೆ ಬಂದಿದೆ ಎಂದು ಅವರಿಗೆ ಕೇಳಿಸಿತ್ತು. ರಸ್ತೆ ದಾಟಿ ಬರಲಿಲ್ಲ.

ಇದನ್ನು ಮೇಡಂಗೆ ಹೇಳಬೇಕು ಎಂದು ನನಗೆ ಮೊದಲು ಅನಿಸಿತು. ಆಮೇಲೆ ಆಸ್ಪತ್ರೆಯ ಆ ಸಂಜೆ ನೆನಪಾಯಿತು. ಯಾರೂ ಎತ್ತಲಿಲ್ಲ ಎಂದು ಯಾರಾದರೂ ಹೇಳಿದರೆ, ಎಷ್ಟು ಹೊತ್ತು ರಿಂಗಾಯಿತು ಎಂದು ಆಪರೇಟರು ಮೊದಲು ಕೇಳುತ್ತಾರೆ. ಬೂತಿನಲ್ಲಿ ಪ್ರತಿಯೊಬ್ಬ ಗಿರಾಕಿಯನ್ನೂ ಅವರು ಅದನ್ನು ಕೇಳುತ್ತಿದ್ದರು. ಅಂದು ಪಟ್ಟಿ ಕಟ್ಟಿದ ಕಣ್ಣಿನಲ್ಲಿ ಮಲಗಿಕೊಂಡು ತಾರೀಖು ಕೇಳಿದರು, ಗಡಿಯಾರದ ವಿಷಯ ಹೇಳಿದರು. ಅದೊಂದನ್ನು ಮಾತ್ರ, ಉತ್ತರ ಮೊದಲೇ ಗೊತ್ತಿದ್ದವರ ಹಾಗೆ, ನನ್ನನ್ನು ಕೇಳಲಿಲ್ಲ. ಅಂದೂ ಕೇಳಲಿಲ್ಲ, ಆಮೇಲಿನ ಅಷ್ಟು ವರ್ಷಗಳಲ್ಲಿ ಯಾವ ಭಾನುವಾರವೂ ಕೇಳಲಿಲ್ಲ.